ಯಂತ್ರಕ್ಕಿಂತ ಮೊದಲು ನೀರಿನ ಪರೀಕ್ಷೆ

ಬಾವಿಯ ನೀರನ್ನು ಕುದಿಸಿ ಆರಿಸಿ ಕುಡಿಯುತ್ತಿದ್ದ ನಮ್ಮ ಮನೆಗೆ ಶುದ್ಧೀಕರಣ ಯಂತ್ರ ಕೊಳ್ಳುವುದೆಂದು ನಿಶ್ಚಯವಾದಾಗ, ಮೊದಲು ಬಂದವರು ಒಂದು ಕಂಪನಿಯ ಮಾರಾಟ ಪ್ರತಿನಿಧಿ. ಒಂದು ಗಾಜಿನ ಲೋಟದಲ್ಲಿ ನಮ್ಮ ಬಾವಿಯ ನೀರನ್ನೂ ಇನ್ನೊಂದರಲ್ಲಿ ತಾವು ತಂದಿದ್ದ, ಸೂಕ್ಷ್ಮ ಪೊರೆಯ ಮೂಲಕ ಹಾಯಿಸಿ ಲವಣ ತೆಗೆದ ಆರ್‌ಒ ನೀರನ್ನೂ ತುಂಬಿ, ಲೋಹದ ಕಡ್ಡಿಗಳಿದ್ದ ಪುಟ್ಟ ಉಪಕರಣವನ್ನು ಅದ್ದಿ ಅವರು ವಿದ್ಯುತ್ ಹಾಯಿಸಿದರು. ಸ್ವಲ್ಪ ಹೊತ್ತಿಗೆ ನಮ್ಮ ಲೋಟದಲ್ಲಿ ಕಂದು ಬಣ್ಣದ ಬಗ್ಗಡ ಎದ್ದಿತು. ಅವರದು ತಿಳಿಯಾಗಿಯೇ ಉಳಿಯಿತು. “ನೀವು ದಿನಾ ಕುಡಿಯುತ್ತಿರುವುದು ಇದನ್ನೇ, ನೋಡಿ ಮೇಡಂ” ಎಂದರು. ಅತ್ತೆಯವರ ಮುಖ ಬಾಡಿತು.

ಆ ತಿಳಿ ನೀರಿಗೆ ಒಂದು ಚಿಟಿಕೆ ಉಪ್ಪು ಹಾಕಿ ಇನ್ನೊಮ್ಮೆ ಕಡ್ಡಿ ಅದ್ದಿರೆಂದು ಕೇಳಿಕೊಂಡೆ. ಅದೂ ಕಂದು ಬಣ್ಣಕ್ಕೆ ತಿರುಗಿತು. ಲವಣ ಕರಗಿರುವ ನೀರಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುವುದರಿಂದ ಕಬ್ಬಿಣದ ಕಡ್ಡಿಯೇ ಸವೆದು ತುಕ್ಕಾಗಿ ಕದಡಿಕೊಳ್ಳುತ್ತದೆಯೇ ಹೊರತು, ಆ ಬಣ್ಣ ನೀರಿನಲ್ಲಿದ್ದ ಕೊಳೆಯಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಜನರನ್ನು ಹೆದರಿಸಿ ವ್ಯಾಪಾರ ಮಾಡುವುದು ದೊಡ್ಡ ಅನ್ಯಾಯವೆಂದೇ ನನ್ನ ಭಾವನೆ.

ಯಂತ್ರದ ಮಾತು ಆಮೇಲಾಗಲಿ ಎಂದು ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟೆವು. ರೋಗಾಣು ಪರೀಕ್ಷೆಯ ಮಾದರಿಯನ್ನು ಅವರೇ ಕೊಟ್ಟ ಕ್ರಿಮಿರಹಿತ ಬಾಟಲಿಯಲ್ಲಿ, ಮುಚ್ಚಳದ ಒಳಭಾಗಕ್ಕೆ ಬೆರಳು ತಾಗದಂತೆ ಹಿಡಿದು, ತಂಪಾಗಿರಿಸಿ ಅಂದೇ ತಲುಪಿಸಬೇಕಾಗಿತ್ತು. ವರದಿಯಲ್ಲಿ ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಲವಣಾದಿಗಳ ಒಟ್ಟು ಪ್ರಮಾಣ, ಲೀಟರಿಗೆ 340 ಮಿಲಿಗ್ರಾಂ ಇತ್ತು. ಸುಮಾರು 600ರ ಒಳಗಿದ್ದರೆ ನೀರಿನ ರುಚಿ ಚೆನ್ನಾಗಿರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಫ್ಲೋರೈಡಿಗೆ 1.5 ಮಿಲಿಗ್ರಾಂ, ನೈಟ್ರೇಟಿಗೆ 50 ಮಿಲಿಗ್ರಾಂ ಎಂದು ಅದೇ ಸಂಸ್ಥೆ ಸೂಚಿಸಿರುವ ಮಿತಿಗಳಿಗಿಂತ ನಮ್ಮ ಅಂಕಿಗಳು ಬಹಳ ಕೆಳಗಿದ್ದವು. ಆದರೆ 100 ಮಿಲಿಲೀಟರಿನಲ್ಲಿ ಒಂದೂ ಇರಬಾರದ ಇ. ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತ್ತು. ವಿದ್ಯುದ್ವಾಹಕತೆಯನ್ನಷ್ಟೇ ಅಳೆಯುವ ಟಿಡಿಎಸ್ ಮೀಟರಿಗೆ ಅದು ಕಾಣುವಂಥದ್ದಲ್ಲ. ಇಷ್ಟು ಕಾಲ ನಮ್ಮನ್ನು ಕಾಪಾಡಿದ್ದು ಕುದಿಸುವ ಅಭ್ಯಾಸವೇ.

ಹೀಗಾಗಿ ನಮಗೆ ಬೇಕಾಗಿದ್ದದ್ದು ಲವಣ ತೆಗೆಯುವ ಯಂತ್ರವಲ್ಲ, ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವ ಯಂತ್ರ. ಫ್ಲೋರೈಡ್ ಅಥವಾ ನೈಟ್ರೇಟ್ ಮಿತಿ ಮೀರಿದ್ದರೆ, ಒಂದಷ್ಟು ನೀರು ಪೋಲಾದರೂ ಸರಿಯೆಂದು ಆರ್‌ಒ ಯಂತ್ರವನ್ನೇ ಆರಿಸುತ್ತಿದ್ದೆ. ಅವು ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತವೆ. ಕೊನೆಗೆ ನೇರಳಾತೀತ ಕಿರಣದಿಂದ ರೋಗಾಣುಗಳನ್ನು ನಿಷ್ಕ್ರಿಯಗೊಳಿಸುವ ಯುವಿ ಯಂತ್ರವನ್ನು ಕೊಂಡೆವು. ನೀರು ಕದಡಿದ್ದರೆ ಮಣ್ಣಿನ ಕಣಗಳ ಮರೆಯಲ್ಲಿ ರೋಗಾಣುಗಳು ಕಿರಣಕ್ಕೆ ಸಿಗದೆ ಉಳಿಯುವ ಕಾರಣ, ಅದಕ್ಕೂ ಮುಂಚೆ ಸೆಡಿಮೆಂಟ್ ಫಿಲ್ಟರ್ ಮತ್ತು ಕಾರ್ಬನ್ ಫಿಲ್ಟರ್ ಇರುವಂತೆ ನೋಡಿಕೊಂಡೆವು. ಯುವಿ ದೀಪ ಉರಿಯುತ್ತಿರುವಂತೆ ಕಂಡರೂ ಕಾಲ ಕಳೆದಂತೆ ಅದರ ಶಕ್ತಿ ಕುಂದುತ್ತದೆಯಾದ್ದರಿಂದ, ಬದಲಿಸಬೇಕಾದ ದಿನಾಂಕವನ್ನು ಯಂತ್ರದ ಮೇಲೆಯೇ ಬರೆದಿದ್ದೇನೆ.

ಇ. ಕೋಲಿ ಇದೆಯೆಂದರೆ ಎಲ್ಲಿಂದಲೋ ಮಲದ ಅಂಶ ಬಾವಿಗೆ ಸೇರುತ್ತಿದೆಯೆಂದೇ ಅರ್ಥ. ಬಾವಿಕಟ್ಟೆಯ ಬಿರುಕುಗಳನ್ನು ಮುಚ್ಚಿಸಿದ್ದೇವೆ. ಮಳೆಗಾಲ ಕಳೆದ ಮೇಲೆ ಮತ್ತೆ ಮಾದರಿ ಕೊಡಲಿದ್ದೇವೆ.