ಮಲ್‌ಮಲ್ ಟಾಪ್: ಬಾಯಿ ಬಿಡುವ ಆರ್ಮ್‌ಹೋಲ್ ಹದಕ್ಕೆ ಬಂತು

ಮಲ್‌ಮಲ್ (ತೆಳು ಹತ್ತಿ ಬಟ್ಟೆ) ಟಾಪಿನ ಕೆಲಸ ಅರ್ಧಕ್ಕಿಂತ ಮುಂದೆ ಹೋಗಿದೆ. ತೋಳಿಲ್ಲ, ಜಿಪ್ ಇಲ್ಲ, ಬಟನ್ ಇಲ್ಲ. ತಲೆಯ ಮೇಲಿಂದ ಹಾಕಿಕೊಳ್ಳುವಂಥದ್ದು, ಕೆಳಗೆ ಸ್ವಲ್ಪ ಎ-ಲೈನ್ ಅಗಲ. ಎದೆಸುತ್ತಳತೆಗಿಂತ 4 ಇಂಚು ಸಡಿಲ ಇಟ್ಟಿದ್ದೇನೆ, ಸೆಖೆಗೆ ಗಾಳಿಯಾಡಬೇಕಲ್ಲ.

ಬಟ್ಟೆಯನ್ನು ಮೊದಲೇ ಒಗೆದು ಇಸ್ತ್ರಿ ಹಾಕಿದ್ದಾಯಿತು. 2 ಮೀಟರ್ ಉದ್ದದಲ್ಲಿ ಸುಮಾರು 2 ಇಂಚು ಕುಗ್ಗಿತು. ಕುಗ್ಗುವುದೆಲ್ಲ ಕತ್ತರಿ ಹಾಕುವ ಮೊದಲೇ ಕುಗ್ಗಲಿ.

ಟ್ರಯಲ್‌ಗೆ ಹಳೆ ಕಾಟನ್ ದುಪಟ್ಟಾ ಬಳಸಿದೆ. ಬೆಡ್‌ಶೀಟ್ ಸಾಕು ಅನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ದಪ್ಪ ಬಟ್ಟೆ ಮೈಮೇಲೆ ತಾನೇ ಸೆಟೆದು ನಿಲ್ಲುತ್ತದೆ, ತೆಳು ಬಟ್ಟೆ ಎಲ್ಲಿ ಜೋಲುತ್ತದೆ ಅನ್ನುವುದು ಅದರಲ್ಲಿ ಕಾಣುವುದೇ ಇಲ್ಲ. ಭುಜ, ಪಕ್ಕ ಎರಡನ್ನೂ ಕಚ್ಚಾ ಹೊಲಿಗೆಯಲ್ಲಿ ಜೋಡಿಸಿ ಹಾಕಿಕೊಂಡೆ. ಪಿನ್ ಹಾಕಲು ಅಕ್ಕ ಬಂದಳು. ಕೆಳಗೆ ನೋಡಿದಾಗಲೆಲ್ಲ ಗದರಿದಳು: "ಬಗ್ಗಬೇಡ ಕಣೇ, ನೀನು ಬಗ್ಗಿದ್ರೆ ಬಟ್ಟೆನೂ ಬಗ್ಗುತ್ತೆ. ಎದುರಿಗೆ ನೋಡು."

ಕತ್ತು, ಭುಜ, ಬೆನ್ನು ಎಲ್ಲ ಸರಿ ಕೂತಿತ್ತು. ಮುಂಭಾಗದ ಆರ್ಮ್‌ಹೋಲ್ (ತೋಳು ಹೊರಬರುವ ಸುತ್ತು) ಮಾತ್ರ ಮೈಗೆ ಅಂಟದೆ ಬಾಯಿ ಬಿಡುತ್ತಿತ್ತು. ಇಂಥ ಕಡೆ ಎಲ್ಲರ ಕೈ ಮೊದಲು ಹೋಗುವುದು ಪಕ್ಕದ ಹೊಲಿಗೆಗೆ. ಅಲ್ಲಿ ಒಳಗೆ ತೆಗೆದುಕೊಂಡರೆ ಎದೆಯ ಮೇಲೆ ಬಟ್ಟೆ ಬಿಗಿದು ಅಡ್ಡ ಗೆರೆಗಳು ಏಳುತ್ತವೆ, ಆರ್ಮ್‌ಹೋಲ್ ಬಾಯಿ ಹಾಗೇ ಉಳಿಯುತ್ತದೆ. ಎದೆಯ ಉಬ್ಬಿನ ಮೇಲೆ ಹಾದುಬರುವ ಚಪ್ಪಟೆ ಬಟ್ಟೆ ಉಬ್ಬಿನ ಆಚೀಚೆ ಮಿಕ್ಕುತ್ತದೆ. ಮಿಕ್ಕಿದ್ದಕ್ಕೆ ಡಾರ್ಟ್ (ತುದಿಗೆ ಸಣ್ಣದಾಗುತ್ತ ಹೋಗುವಂತೆ ಮಡಿಚಿ ಹಾಕುವ ಹೊಲಿಗೆ) ಬೇಕು, ಅಷ್ಟೇ.

ಆರ್ಮ್‌ಹೋಲ್ ಅಂಚಿನಲ್ಲಿ ಮುಕ್ಕಾಲು ಇಂಚು ಚಿವುಟಿ ಹಿಡಿದು, ಎದೆಯ ತುದಿಯ ಕಡೆಗೆ ಸಣ್ಣದಾಗುತ್ತ ಹೋಗುವಂತೆ ಅಕ್ಕ ಪಿನ್ ಹಾಕಿದಳು. ಬಾಯಿ ಮುಚ್ಚಿತು. ಆದರೆ ಆರ್ಮ್‌ಹೋಲಿನಲ್ಲೇ ಡಾರ್ಟ್ ಬಿಟ್ಟರೆ ಕಣ್ಣಿಗೆ ಹೊಡೆಯುತ್ತದೆ. ಹಾಗಾಗಿ ಅದನ್ನು ಪೇಪರ್ ಪ್ಯಾಟರ್ನ್‌ನಲ್ಲಿ ಪಕ್ಕದ ಹೊಲಿಗೆಯ ಕಡೆಗೆ ಸಾಗಿಸಿದೆ. ಚಿವುಟಿದ ಜಾಗವನ್ನು ಪೇಪರಿನ ಮೇಲೆ ಗುರುತು ಹಾಕಿ, ಅಲ್ಲಿಂದ ಎದೆಯ ತುದಿಯವರೆಗೆ ಒಂದು ಗೆರೆ, ಪಕ್ಕದ ಅಂಚಿನಿಂದ ಅದೇ ತುದಿಗೆ ಇನ್ನೊಂದು. ಎರಡನ್ನೂ ಕತ್ತರಿಸಿ, ತುದಿಯಲ್ಲಿ ಕೂದಲೆಳೆಯಷ್ಟು ಪೇಪರ್ ಉಳಿಸಿ, ಆರ್ಮ್‌ಹೋಲ್ ಕಡೆಯದನ್ನು ಮುಚ್ಚಿದರೆ ಪಕ್ಕದ್ದು ತಾನಾಗಿ ತೆರೆದುಕೊಳ್ಳುತ್ತದೆ. ಅದೇ ಹೊಸ ಡಾರ್ಟ್. ಹೊಲಿಯುವಾಗ ಮಾತ್ರ ಎದೆಯ ತುದಿಗಿಂತ ಒಂದು ಇಂಚು ಹಿಂದೆಯೇ ಮುಗಿಸಬೇಕು, ಇಲ್ಲದಿದ್ದರೆ ಅಲ್ಲಿ ಮೊನೆ ಎದ್ದು ಕಾಣುತ್ತದೆ.

ಆಮೇಲೆ ನಿಜವಾದ ಬಟ್ಟೆ. 9 ನಂಬರ್ ಸೂಜಿ, 2 ಮಿಲಿಮೀಟರ್ ಹೊಲಿಗೆ. ಮಲ್‌ಮಲ್‌ನ ತುದಿಯನ್ನು ಮೆಷಿನ್ ಸೂಜಿ ಇಳಿಯುವ ತೂತಿನೊಳಗೆ ಎಳೆದುಕೊಳ್ಳುತ್ತದೆ. ಬಟ್ಟೆಯ ಅಡಿಯಲ್ಲಿ ತೆಳು ಕಾಗದದ ಚೂರು ಇಟ್ಟು, ಎರಡೂ ದಾರದ ತುದಿ ಹಿಡಿದು ಶುರು ಮಾಡಿದರೆ ಆ ಕಾಟ ಇಲ್ಲ. ಡಾರ್ಟಿನ ಕೊನೆಯಲ್ಲಿ ರಿವರ್ಸ್ ಹೊಲಿಗೆ ಹಾಕಲಿಲ್ಲ, ದಾರ ಉದ್ದ ಬಿಟ್ಟು ಕೈಯಲ್ಲಿ ಗಂಟು ಹಾಕಿದೆ. ಇಷ್ಟು ತೆಳು ಬಟ್ಟೆಯಲ್ಲಿ ರಿವರ್ಸ್ ಹೊಲಿಗೆಯ ಉಂಡೆ ಹೊರಗೂ ಕಾಣುತ್ತದೆ.

ಭುಜಕ್ಕೂ ಪಕ್ಕಕ್ಕೂ ಫ್ರೆಂಚ್ ಸೀಮ್. ಅರ್ಧ ಇಂಚು ಮಾರ್ಜಿನ್‌ನಲ್ಲಿ ಮೊದಲು ಒಳಬದಿಗೆ ಒಳಬದಿ ತಾಗಿಸಿ ಕಾಲು ಇಂಚಿಗೆ ಹೊಲಿದು, ಅಂಚನ್ನು ಅರ್ಧಕ್ಕೆ ಕತ್ತರಿಸಿ, ತಿರುಗಿಸಿ ಇಸ್ತ್ರಿ ಹಾಕಿ, ಮತ್ತೆ ಕಾಲು ಇಂಚಿಗೆ ಇನ್ನೊಂದು ಹೊಲಿಗೆ. ಬಿಚ್ಚಿದ ನೂಲು ಒಳಗೇ ಮುಚ್ಚಿಹೋಗುತ್ತದೆ, ಅಂಚು ಬಿಚ್ಚದಂತೆ ಹಾಕುವ ಓವರ್‌ಲಾಕ್ ಬೇಕಿಲ್ಲ. ಬೆವರುವ ಮೈಗೆ ಚುಚ್ಚುವುದೂ ಇಲ್ಲ.

ಕತ್ತಿಗೂ ಆರ್ಮ್‌ಹೋಲಿಗೂ ಅದೇ ಬಟ್ಟೆಯ ಕ್ರಾಸ್ ಪಟ್ಟಿ (ಓರೆಯಾಗಿ ಕತ್ತರಿಸಿದ್ದು). ಕತ್ತಿನ ಅಳತೆಗಿಂತ ಪಟ್ಟಿಯನ್ನು ಒಂದಿಷ್ಟು ಕಡಿಮೆ ಇಟ್ಟು, ತುಸು ಎಳೆದು ಕೂಡಿಸಿದ್ದರಿಂದ ಕತ್ತು ಎದೆಗೆ ಒತ್ತಿ ಕೂತಿದೆ.

ಬಾಕಿ ಇರುವುದು ಕೆಳ ಅಂಚು. ಎ-ಲೈನ್ ಆದ್ದರಿಂದ ಪಕ್ಕಗಳಲ್ಲಿ ಬಟ್ಟೆ ಓರೆಯಾಗಿ ಬೀಳುತ್ತದೆ, ಆ ಭಾಗ ಜಗ್ಗಿ ಉದ್ದವಾಗುತ್ತದೆ. ಅದಕ್ಕೇ ಹ್ಯಾಂಗರಿಗೆ ಹಾಕಿದ್ದೇನೆ. ನಾಳೆ ಅಕ್ಕ ನೆಲದಿಂದ ಸ್ಕೇಲ್ ಹಿಡಿದು ಸುತ್ತ ಗುರುತು ಹಾಕಿದ ಮೇಲೆ ಸಣ್ಣ ಮಡಿಕೆಯ ಹೆಮ್ಮಿಂಗ್. ಪ್ಯಾಟರ್ನ್ ಪೇಪರಿನ ಮೇಲೆ ಈಗಲೇ ಬರೆದಿಟ್ಟಿದ್ದೇನೆ: ಮುಂದಿನ ಟಾಪಿಗೆ ಕತ್ತು ಇನ್ನೂ ಅರ್ಧ ಇಂಚು ಆಳ.