‘ದಿ ಲಾಂಗ್ ಸೀಸನ್’ ಶೆನ್ ಮೊಗೆ ಕೊಡದ ಸಮಯ

ಕೊಲೆಗಾರ ಯಾರೆಂದು ತಿಳಿಯುವ ಆತುರದಿಂದ ‘ದಿ ಲಾಂಗ್ ಸೀಸನ್’ ನೋಡಲು ಕೂತವರು ಎರಡನೆಯ ಕಂತಿಗೇ ಎದ್ದುಬಿಡುತ್ತಾರೆ. ದಯವಿಟ್ಟು ಏಳಬೇಡಿ. 2023ರಲ್ಲಿ ಬಂದ, ಶಿನ್ ಶುವಾಂಗ್ ನಿರ್ದೇಶನದ 12 ಕಂತುಗಳ ಈ ಚೀನೀ ಧಾರಾವಾಹಿಯಲ್ಲಿ ಕೊಲೆಗಿಂತ ದೊಡ್ಡದೊಂದು ಸಾವಿದೆ. ಅದು ಕಾರ್ಖಾನೆಯ ಸಾವು.

ಊರು ಹುವಾಲಿನ್, ಈಶಾನ್ಯ ಚೀನಾದ ಒಂದು ಕಾಲ್ಪನಿಕ ಉಕ್ಕಿನ ಪಟ್ಟಣ. ಕಥೆ 1997, 1998 ಮತ್ತು 2016ರ ನಡುವೆ ಓಡಾಡುತ್ತದೆ. ತೊಂಬತ್ತರ ದಶಕದ ಕೊನೆಗೆ ಚೀನಾದ ಸರ್ಕಾರಿ ಕಾರ್ಖಾನೆಗಳು ಕೋಟ್ಯಂತರ ಕಾರ್ಮಿಕರನ್ನು ಮನೆಗೆ ಕಳುಹಿಸಿದವು. ಆ ಪಟ್ಟಿಯಲ್ಲಿ ತನ್ನ ಹೆಸರು ಬಂದೀತೇ ಎಂಬ ಭಯ ಇಲ್ಲಿ ಪ್ರತಿ ಮನೆಯ ಊಟದ ಮೇಜಿನ ಮೇಲೂ ಇದೆ. ಕಾರ್ಖಾನೆಯ ರೈಲು ಓಡಿಸುವ ವಾಂಗ್ ಶಿಯಾಂಗ್ ಮಾತ್ರ ತಾನು ಮಾದರಿ ಕಾರ್ಮಿಕನೆಂಬ ಹೆಮ್ಮೆಯಲ್ಲಿ ಎದೆಯುಬ್ಬಿಸಿ ನಡೆಯುತ್ತಾನೆ. 2016ರಲ್ಲಿ ಅವನು ಟ್ಯಾಕ್ಸಿ ಚಾಲಕ. ನೆಂಟ ಗೊಂಗ್ ಬಿಯಾವ್‌ನ ಕಾರಿನದೇ ನಂಬರ್ ಹಾಕಿಕೊಂಡ ಇನ್ನೊಂದು ಕಾರು ಊರಿನಲ್ಲಿ ಓಡಾಡುತ್ತಿದೆ ಎಂದು ತಿಳಿದಾಗ ಹಳೆಯ ಕೊಲೆ ಪ್ರಕರಣದ ಎಳೆ ಮತ್ತೆ ಕೈಗೆ ಸಿಗುತ್ತದೆ.

ನಮ್ಮ ಅಪ್ಪ ರೈಲ್ವೆಯಲ್ಲಿ ಚಾಲಕರಾಗಿದ್ದವರು. ಪತ್ತೇದಾರಿ ಕಥೆಗಳೆಂದರೆ ಅವರಿಗೆ ಆಗದು. ಆದರೆ ಜೋಳದ ಹೊಲಗಳ ನಡುವೆ ವಾಂಗ್ ಶಿಯಾಂಗ್ ಎಂಜಿನ್ ಓಡಿಸುವುದನ್ನು ಕಂಡು ಕುರ್ಚಿ ಎಳೆದುಕೊಂಡು ಕೂತರು. “ಇವನಿಗೆ ಆ ಗಾಡಿ ಸ್ವಂತದ್ದು” ಎಂದರು. ಆ ಪಾತ್ರ ಮಾಡಿದ ಫಾನ್ ವೇ ಅವರ ಅಭಿನಯದ ಬಗ್ಗೆ ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಚೀನಾದಲ್ಲಿ ಹಾಸ್ಯನಟರೆಂದೇ ಮನೆಮಾತಾದವರು ಅವರು. ಮಗನನ್ನು ಕಳೆದುಕೊಂಡ ತಂದೆಯ ದುಃಖವನ್ನು ಅವರು ಅತ್ತು ತೋರಿಸುವುದಕ್ಕಿಂತ ಹೆಚ್ಚಾಗಿ ತಮಾಷೆಯ ಮಾತಿನ ಮಧ್ಯೆ ಒಮ್ಮೆಲೇ ಸುಮ್ಮನಾಗಿ ತೋರಿಸುತ್ತಾರೆ.

ನಿಧಾನಗತಿ ಸಾರ್ಥಕವಾಗುವುದು ಇಂಥಲ್ಲಿ. ಪೊಲೀಸ್ ಕೆಲಸ ಬಿಟ್ಟ ಮಾ ದೆಶೆಂಗ್ ಇಳಿವಯಸ್ಸಿನಲ್ಲಿ ಲ್ಯಾಟಿನ್ ನೃತ್ಯ ಮಾಡುತ್ತಾನೆ, ಸಕ್ಕರೆ ಕಾಯಿಲೆಯ ಗೊಂಗ್ ಬಿಯಾವ್ ಪಾರಿವಾಳ ಸಾಕುತ್ತಾನೆ. ತನಿಖೆಗೆ ಇವುಗಳಿಂದ ಏನೂ ಸಿಗುವುದಿಲ್ಲ. ಆದರೆ ವಾಂಗ್ ಶಿಯಾಂಗ್ ಸೇರಿ ಈ ಮೂವರು ಕಳೆದುಕೊಂಡದ್ದೆಷ್ಟು ಎಂಬುದು ಇವುಗಳಿಂದಲೇ ತಿಳಿಯುತ್ತದೆ. ಹಿಮ, ಕತ್ತಲೆಗಳನ್ನು ಬಿಟ್ಟು ಶರತ್ಕಾಲದ ಬಂಗಾರದ ಬಿಸಿಲನ್ನು ಆರಿಸಿಕೊಂಡದ್ದೂ ದಿಟ್ಟ ನಿರ್ಧಾರ. ಆ ಬಿಸಿಲಿಗಾಗಿ ಚಿತ್ರತಂಡ ದಕ್ಷಿಣದ ಯುನ್ನಾನ್‌ಗೆ ಹೋಗಿ ಚಿತ್ರೀಕರಿಸಿತು.

ನನ್ನ ತಕರಾರು ಇರುವುದು ಶೆನ್ ಮೊ ವಿಷಯದಲ್ಲಿ. ವೈದ್ಯಕೀಯ ಓದುತ್ತ, ರಾತ್ರಿ ಕ್ಲಬ್ಬಿನಲ್ಲಿ ಪಿಯಾನೋ ನುಡಿಸುವ ಈ ಹುಡುಗಿಯೇ ಕಥೆಯ ನಡುಗಂಬ. ಆ ಪಾತ್ರದ ಲಿ ಗೆಂಗ್‌ಶಿ ಕಣ್ಣಲ್ಲೇ ಬಹಳಷ್ಟನ್ನು ಹೇಳುತ್ತಾರೆ. ಆದರೂ ಬರವಣಿಗೆ ಅವಳ ಮೇಲೆ ಒಂದಾದ ಮೇಲೊಂದು ದೌರ್ಜನ್ಯ ಹೇರುತ್ತ, ಆ ಭಾರದಿಂದಲೇ ಅವಳ ಮುಂದಿನ ನಡೆಗಳಿಗೆಲ್ಲ ಕಾರಣ ಒದಗಿಸಿಬಿಡುತ್ತದೆ. ಗಂಡಸರಿಗೆ ಕುಣಿಯಲು, ಕುಡಿಯಲು, ಜಗಳವಾಡಿ ರಾಜಿಯಾಗಲು ಕಂತುಗಟ್ಟಲೆ ಸಮಯವಿದೆ. ಅವಳಿಗೆ ಗಾಯಗಳಷ್ಟೇ. ಹಾಂಗ್‌ಕಾಂಗ್ ವ್ಯಾಪಾರಿಯ ಪಾತ್ರವಂತೂ ದುಷ್ಟತನದ ಒಂದೇ ಬಣ್ಣದಲ್ಲಿದೆ. ಕೊನೆಯ ಕಂತುಗಳಲ್ಲಿ ರಹಸ್ಯಗಳು ಬಿಡಿಸಿಕೊಳ್ಳುವ ಅವಸರದಲ್ಲಿ ಕಾಕತಾಳೀಯಗಳು ರಾಶಿ ಬೀಳುತ್ತವೆ. ಅಷ್ಟು ತಾಳ್ಮೆಯಿಂದ ಕಟ್ಟಿದ ಊರಿನಲ್ಲಿ ಇದು ನೋವು ಕೊಡುತ್ತದೆ.

ಅವಳು ಏನನ್ನೂ ಸಹಿಸಬೇಕಿಲ್ಲದ ಒಂದು ಸಾಧಾರಣ ದಿನವನ್ನು, ಪುಸ್ತಕ ತೆರೆದು ಓದುವ, ಗೆಳತಿಯೊಡನೆ ಹರಟುವ ದಿನವನ್ನು, ಪಾರಿವಾಳಗಳಿಗೆ ಕೊಟ್ಟಷ್ಟೇ ಪ್ರೀತಿಯಿಂದ ಶಿನ್ ಶುವಾಂಗ್ ತೋರಿಸಬೇಕಿತ್ತು.