ಇಂಪಾಲಾ ಖೆಡ್ಡಾ

ಪರದೆಯ ಅಂಚು ಹಿಡಿದು ಮುಳ್ಳುಪೊದೆಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಮುಕ್ಕಾಲು ಗಂಟೆಯಾಗಿತ್ತು. ಆಫ್ರಿಕಾ ಎಂದರೆ ಬಿಸಿಲು ಎಂದುಕೊಂಡು ಒಂದೇ ಸ್ವೆಟರ್ ತಂದಿದ್ದ ನನಗೆ ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದ ಚಳಿಗಾಲದ ಜುಲೈ ಬೆಳಗು ತಕ್ಕ ಪಾಠ ಕಲಿಸುತ್ತಿತ್ತು. ಸೈರನ್ ಕೇಳುವ ತನಕ ಕೆಮ್ಮಲೂ ಬಾರದು ಎಂದು ವೈದ್ಯೆ ಹೇಳಿ ಹೋಗಿದ್ದರು. ಹೇಳಿದ ಮೇಲೆ ಕೆಮ್ಮು ಬರದಿರುತ್ತದೆಯೇ?

ನಾನು ಜೊಹಾನೆಸ್‌ಬರ್ಗ್‌ನಲ್ಲಿ ಕಂಪ್ಯೂಟರ್ ಕೆಲಸದವನು. ಸಹೋದ್ಯೋಗಿಯ ಅಕ್ಕ ವನ್ಯಜೀವಿಗಳ ವೈದ್ಯೆ. ಖಾಸಗಿ ಅಭಯಾರಣ್ಯವೊಂದರಲ್ಲಿ ಇಂಪಾಲಾ ಎಂಬ ಜಿಂಕೆಗಳನ್ನು ಹಿಡಿಯುವುದಿದೆ, ಆಳು ಸಾಲದು ಎಂದಾಗ ಹೊರಟುಬಿಟ್ಟಿದ್ದೆ. ಹಿಂದಿನ ರಾತ್ರಿ ಮಾಲೀಕರು ಊಟದ ಮೇಜಿನ ಮೇಲೆ ಲೆಕ್ಕದ ಪುಸ್ತಕ ಬಿಡಿಸಿ ಕೂತಿದ್ದರು. ನಮ್ಮಲ್ಲಿ ಅಡಿಕೆ ಮಂಡಿಯವರು ಕೂತಂತೆಯೇ. ಒಂದೊಂದು ಸಾಲಿಗೆ ಒಂದೊಂದು ಪ್ರಾಣಿ: ಜೀಬ್ರಾ, ಕುಡು, ಜಿರಾಫೆ, ಇಂಪಾಲಾ. ದಕ್ಷಿಣ ಆಫ್ರಿಕಾದಲ್ಲಿ 1991ರ ಕಾಯ್ದೆಯೊಂದಿದೆ. ಬೇಲಿ ಸಾಕಷ್ಟು ಭದ್ರವಾಗಿದೆ ಎಂದು ಸರ್ಕಾರದ ಪ್ರಮಾಣಪತ್ರವಿದ್ದರೆ ಒಳಗಿನ ಪ್ರಾಣಿ ಜಮೀನಿನವನದೇ. ಬೇಲಿ ಹಾರಿ ಹೋದರೂ ಅವನದೇ. ಎಚ್.ಡಿ. ಕೋಟೆಯವನಾದ ನನಗೆ ಇದು ತಲೆಗೆ ಹೋಗಲು ಹೊತ್ತು ಹಿಡಿಯಿತು. ನಮ್ಮೂರಲ್ಲಿ ಬಾಳೆ ತಿಂದ ಆನೆ ಸರ್ಕಾರದ್ದು, ಬೈಯಲು ಇಲಾಖೆ ಇದೆ. ಇಲ್ಲಿ ಬೈಯುವುದಾದರೆ ಕನ್ನಡಿ ನೋಡಿಕೊಂಡು ಬೈಯಬೇಕು.

ಇಂಪಾಲಾ ನಮ್ಮ ಕೃಷ್ಣಮೃಗದ ದೂರದ ನೆಂಟ. ಹುಲ್ಲೂ ತಿನ್ನುತ್ತದೆ, ಹುಲ್ಲು ಒಣಗಿದರೆ ಸೊಪ್ಪೂ ತಿನ್ನುತ್ತದೆ. ಹಾಗಾಗಿ ಬರದಲ್ಲಿ ಬೇರೆಯವು ಸೊರಗುವಾಗಲೂ ಇದು ನಡೆಸಿಕೊಂಡು ಹೋಗುತ್ತದೆ. ನವೆಂಬರ್, ಡಿಸೆಂಬರ್ ಹೊತ್ತಿಗೆ ಹಿಂಡಿಗೆ ಹಿಂಡೇ ಮರಿ ಹಾಕುತ್ತದೆ. ಮೊದಲಾದರೆ ಹೆಚ್ಚಾದವು ಬೇರೆ ಕಡೆಗೆ ಹರಡಿಕೊಳ್ಳಬಹುದಿತ್ತು. ಈಗ ನಾಲ್ಕೂ ದಿಕ್ಕಿಗೆ ಆಳೆತ್ತರ ಮೀರಿದ ಬೇಲಿ. ಹೆಚ್ಚಾದವನ್ನು ಯಾರಾದರೂ ತೆಗೆಯಲೇಬೇಕು. ಸಿಂಹಗಳನ್ನು ಬಿಡಬಹುದಲ್ಲ ಎಂದೆ. ಬಿಟ್ಟಿದ್ದಾರಂತೆ. ಅವೂ ಹೆಚ್ಚಿ, ಕೆಲವು ಹೆಣ್ಣುಗಳಿಗೆ ಈಗ ಗರ್ಭನಿರೋಧಕ ಕೊಟ್ಟಿದ್ದಾರಂತೆ. ನಾನು ಸುಮ್ಮನೆ ಸಾರು ಕಲಸಿಕೊಂಡೆ.

ಮೊದಲು ಹೆಲಿಕಾಪ್ಟರ್ ಸದ್ದು ಬಂತು. ಆಮೇಲೆ ನೆಲ ನಡುಗಿತು. ಹಸಿರು ಪ್ಲಾಸ್ಟಿಕ್ ಹಾಳೆಗಳನ್ನು ತಂತಿಗೆ ತೂಗುಹಾಕಿ, ಬಾಯಿ ಅಗಲವಾಗಿ, ಹೋಗುತ್ತ ಹೋಗುತ್ತ ಇಕ್ಕಟ್ಟಾಗುವಂತೆ ಆಲಿಕೆ ಕಟ್ಟಿದ್ದರು. ಕೊನೆಗೆ ಲಾರಿಗೆ ಹತ್ತುವ ಇಳಿಜಾರು. ಹಾಳೆ ಹರಿದುಹೋಗುವಂಥದು, ಆದರೆ ಆಚೆ ಕಾಣದಿದ್ದರೆ ಪ್ರಾಣಿಗೆ ಅದು ಗೋಡೆಯೇ. 1960ರ ದಶಕದಲ್ಲಿ ಯಾನ್ ಊಲೋಫ್ಸ ಎಂಬವರು ಕಂಡುಕೊಂಡ ಉಪಾಯವಂತೆ. ಹಿಂಡು ನನ್ನನ್ನು ದಾಟಿದ್ದು ನಾಲ್ಕೇ ಕ್ಷಣ. ಕಂದು ಬೆನ್ನುಗಳ ಹೊಳೆ, ದೂಳು, ಬೆವರಿನ ಕಮಟು. ಸೈರನ್ ಕೂಗಿತು. ಪರದೆ ಹಿಡಿದು ಆಚೆ ಬದಿಗೆ ಓಡಿದೆ. ಎಡವಿದೆ. ಎದುರು ಬದಿಯಲ್ಲಿದ್ದ ಹಿರಿಯ ಕೆಲಸಗಾರ ಬಂದು ನನ್ನ ಕೈಯಿಂದ ಅಂಚನ್ನು ಕಿತ್ತುಕೊಂಡು ಎಳೆಯದಿದ್ದರೆ ಅರ್ಧ ಹಿಂಡು ವಾಪಸು ಹೋಗುತ್ತಿತ್ತು. ಅವರನ್ನು ಎಲ್ಲರೂ 'ನ್ತಾತೆ' ಎನ್ನುತ್ತಿದ್ದರು. ಅಪ್ಪ ಎಂದರ್ಥ. ನನಗೆ ಮಾತ್ರ ಅದು ಪ್ರತಿಸಲವೂ 'ತಾತ' ಎಂದೇ ಕೇಳಿಸಿತು.

ಕೇಳಿಸಲು ಕಾರಣವೂ ಇತ್ತು. ನನ್ನ ತಾತ 1971ರಲ್ಲಿ ಕಾಕನಕೋಟೆಯ ಖೆಡ್ಡಾದಲ್ಲಿ ಕೂಲಿ ಮಾಡಿದ್ದರು. ತಮಟೆ ಬಡಿದು, ಪಂಜು ಹಿಡಿದು ಆನೆಗಳನ್ನು ಕಬಿನಿ ಹೊಳೆಗೆ ಇಳಿಸಿ ದೊಡ್ಡಿಗೆ ಕೂಡುತ್ತಿದ್ದುದನ್ನು ಹೇಳುತ್ತಿದ್ದರು. ಕಥೆ ದೊಡ್ಡಿಯ ಬಾಗಿಲು ಬೀಳುವವರೆಗೆ ಬರುತ್ತಿತ್ತು. ಮುಂದೇನಾಯಿತು ಎಂದರೆ ಬೀಡಿ ಹುಡುಕುತ್ತಿದ್ದರು.

ಬಾಗಿಲ ಮುಂದಿನದನ್ನು ನಾನು ಅಂದು ನೋಡಿದೆ. ಲಾರಿಯ ಕತ್ತಲೆಯಲ್ಲಿ ವೈದ್ಯೆ ಒಂದೊಂದಕ್ಕೂ ಮಂಪರಿನ ಸೂಜಿ ಚುಚ್ಚುತ್ತ ಹೋದರು. ಗಂಡುಗಳನ್ನು ಬೇರೆ ಕೂಡಿದರು, ಇಲ್ಲದಿದ್ದರೆ ತಿವಿದಾಡಿ ಸಾಯುತ್ತವೆ. ಒಂದು ಹೆಣ್ಣು ಇಳಿಜಾರಿನ ಕಂಬಿಗೆ ಬಡಿದು ಕತ್ತು ಮುರಿದುಕೊಂಡಿತು. ಇನ್ನೊಂದು ಸುಮ್ಮನೆ ಮಲಗಿ ಏಳಲಿಲ್ಲ. ಲೆಕ್ಕ ಇಷ್ಟಕ್ಕೇ ಮುಗಿಯುವುದಿಲ್ಲ ಎಂದರು ವೈದ್ಯೆ. ಹೆದರಿ ಓಡಿದ ಓಟಕ್ಕೆ ಸ್ನಾಯುಗಳೇ ಕೊಳೆಯತೊಡಗುತ್ತವೆ. ಹೊಸ ಜಾಗಕ್ಕೆ ಹೋಗಿ, ನಾಲ್ಕು ದಿನ ಮೇದು, ಆಮೇಲೆ ಬೀಳುವುದೂ ಉಂಟು. ಚಳಿಯಲ್ಲಿ, ಬಿಸಿಲೇರುವ ಮೊದಲು ಹಿಡಿಯುವುದು ಅದಕ್ಕೇ. ನನ್ನ ಸ್ವೆಟರಿನ ದೂರು ಅಲ್ಲಿಗೆ ನಿಂತಿತು.

ಹತ್ತು ಗಂಟೆಗೆ ಲಾರಿ ಹೊರಟಿತು. ಸತ್ತ ಎರಡನ್ನು ಕೆಲಸಗಾರರು ಮರದ ಕೆಳಗೆ ಸುಲಿದು ಪಾಲು ಹಾಕಿಕೊಂಡರು.

ಸಂಜೆ ಊರಿಗೆ ಫೋನ್ ಮಾಡಿದೆ. ಖೆಡ್ಡಾದಂಥದೇ ನೋಡಿದೆ ಅಪ್ಪಾ, ಎಂದೆ. ಎಷ್ಟು ಸಿಕ್ಕವು ಎಂದು ಕೇಳುತ್ತಾರೆಂದುಕೊಂಡಿದ್ದೆ.

"ಎಷ್ಟು ಸತ್ತವು?" ಎಂದರು.

"ವಾರ ಕಳೆಯಲಿ, ಹೇಳುತ್ತೇನೆ," ಎಂದೆ.